ಶೆಟ್ಟಿಹಳ್ಳಿಯ ಚರ್ಚು ದೊರೆಗಳದ್ದಲ್ಲ, ರೈತರದ್ದು

ಪ್ರಶ್ನೆ: ಮಳೆಗಾಲದಲ್ಲಿ ಹಾಸನದ ಹತ್ತಿರ ಹೇಮಾವತಿ ಹಿನ್ನೀರಿನಲ್ಲಿ ನಿಂತಿರುವ ಶೆಟ್ಟಿಹಳ್ಳಿ ಚರ್ಚ್ ನೋಡಿ ಬಂದೆವು. ಆಲೂರು, ಸಕಲೇಶಪುರ ಕಡೆಯ ಇಂಗ್ಲಿಷ್ ಎಸ್ಟೇಟ್ ದೊರೆಗಳಿಗಾಗಿ ಫ್ರೆಂಚ್ ಪಾದ್ರಿಗಳು ಅದನ್ನು ಕಟ್ಟಿದರು ಎಂದು ಎಲ್ಲ ಕಡೆ ಬರೆದಿದ್ದಾರೆ. ಹಾಗಿದ್ದರೆ ತೋಟಗಳ ನಡುವೆ ಕಟ್ಟುವುದು ಬಿಟ್ಟು ಇಲ್ಲಿ ಏಕೆ ಕಟ್ಟಿದರು? ಇನ್ನೊಂದು ವಿಷಯ. ನಮ್ಮಜ್ಜಿಯ ತವರು ಇದೇ ಜಿಲ್ಲೆಯ ಒಂದು ಕ್ರೈಸ್ತ ಹಳ್ಳಿ. ಅಲ್ಲಿನ ಚಿಕ್ಕ ದೇವಾಲಯ ಹಿಂದೆ ಬೇರೆ ಊರಿನ ಚರ್ಚಿಗೆ ಸೇರಿದ ಉಪಕೇಂದ್ರವಾಗಿತ್ತಂತೆ. ಅದರ ಚರಿತ್ರೆ ಬರೆಯುವ ಆಸೆ ಇದೆ. ಎಲ್ಲಿಂದ ಹಿಡಿಯಬೇಕು?

ಉತ್ತರ: ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಎಸ್ಟೇಟ್ ದೊರೆಗಳ ಕಥೆ ಪ್ರವಾಸಿಗರ ನಡುವೆ ಚೆನ್ನಾಗಿ ಓಡುತ್ತದೆ, ಲೆಕ್ಕಕ್ಕೆ ಮಾತ್ರ ಕೂಡುವುದಿಲ್ಲ. ಮಂಜರಾಬಾದ್ ಸೀಮೆಗೆ, ಅಂದರೆ ಈಗಿನ ಸಕಲೇಶಪುರ ಕಡೆಗೆ, 1840ರ ದಶಕದಿಂದ ಬಂದ ಯುರೋಪಿಯನ್ ಕಾಫಿ ಬೆಳೆಗಾರರಲ್ಲಿ ಬಹುಪಾಲು ಜನ ಇಂಗ್ಲೆಂಡ್, ಸ್ಕಾಟ್ಲೆಂಡ್‌ಗಳ ಪ್ರಾಟೆಸ್ಟೆಂಟರು. ಅವರು ಫ್ರೆಂಚ್ ಕ್ಯಾಥೊಲಿಕ್ ಪಾದ್ರಿಯ ಲ್ಯಾಟಿನ್ ಪೂಜೆಗೆ ಭಾನುವಾರ ಬೆಳಿಗ್ಗೆ ಕುದುರೆ ಏರಿ ಗಂಟೆಗಟ್ಟಲೆ ಬರುತ್ತಿದ್ದರು ಎಂದು ನಂಬಬೇಕಾದರೆ ಬಹಳ ಔದಾರ್ಯ ಬೇಕು. ಅಷ್ಟು ದೊಡ್ಡ ಕಟ್ಟಡದಲ್ಲಿ ನೂರಾರು ಜನ ನೆಲದ ಮೇಲೆ ಕೂರಬಹುದು. ಸುತ್ತಮುತ್ತಲಿನ ದೊರೆಗಳನ್ನೆಲ್ಲ ಒಟ್ಟುಮಾಡಿದರೂ ಅದು ತುಂಬುತ್ತಿರಲಿಲ್ಲ. ಅದನ್ನು ತುಂಬಿದವರು ರಾಗಿ, ಭತ್ತ ಬೆಳೆಯುತ್ತಿದ್ದ ಕನ್ನಡದ ಒಕ್ಕಲು ಜನ. 1860ರ ದಶಕದಲ್ಲಿ ಆ ಕಟ್ಟಡ ಎದ್ದಾಗ ಹಾಸನ ಸೀಮೆಯ ಹಳ್ಳಿಗಳಲ್ಲಿ ಕ್ಯಾಥೊಲಿಕ್ ರೈತರ ಮೂರನೆಯ ತಲೆಮಾರು ನಡೆಯುತ್ತಿತ್ತು. ಮೊದಲು ಜನ, ಆಮೇಲೆ ಹೊಲ, ಆಮೇಲೆ ಹುಲ್ಲುಮಾಡಿನ ಒಂದು ಗುಡಿ, ಎಷ್ಟೋ ವರ್ಷಗಳ ನಂತರ ಗೋಪುರವಿರುವ ಚರ್ಚು. ನಮ್ಮ ಹಳ್ಳಿಗಾಡಿನ ಧರ್ಮಕೇಂದ್ರಗಳು (ಪ್ಯಾರಿಷ್‌ಗಳು) ಬಹುತೇಕ ಹುಟ್ಟಿದ್ದೇ ಈ ಕ್ರಮದಲ್ಲಿ. ಕಟ್ಟಡದಿಂದ ಶುರುಮಾಡಿದವರು ದಾರಿ ತಪ್ಪುವುದು ಇಲ್ಲಿಯೇ.

ಆ ಜನ ಎಲ್ಲಿಂದ ಬಂದರು ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಮೈಸೂರು ಸೀಮೆಯಲ್ಲಿ ಕ್ಯಾಥೊಲಿಕ್ ಮಿಷನ್ ಬ್ರಿಟಿಷರಿಗಿಂತ ಬಹಳ ಹಳೆಯದು. ಲಿಯೊನಾರ್ಡೊ ಚಿನ್ನಾಮಿ ಎಂಬ ಇಟಲಿಯ ಜೆಸ್ವಿತ್ ಪಾದ್ರಿ 1640ರ ದಶಕದ ಕೊನೆಗೆ, ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, ಗೋವೆಯಿಂದ ಶ್ರೀರಂಗಪಟ್ಟಣಕ್ಕೆ ಬಂದ. ಮಧುರೆಯಲ್ಲಿ ಇನ್ನೊಬ್ಬ ಜೆಸ್ವಿತ್ ಪಾದ್ರಿ ರಾಬರ್ಟ್ ಡಿ ನೊಬಿಲಿ ಹಾಕಿಕೊಟ್ಟ ದಾರಿ ಹಿಡಿದು ಸಂನ್ಯಾಸಿಯ ವೇಷ ತೊಟ್ಟ, ಕನ್ನಡ ಕಲಿತ, ಕನ್ನಡದಲ್ಲಿ ಧರ್ಮೋಪದೇಶದ ಗ್ರಂಥಗಳನ್ನು ಬರೆದ. ಆಮೇಲೆ ಬಂದ ಜೆಸ್ವಿತರು ಹಳ್ಳಿಗಳಲ್ಲಿ ಚದುರಿದಂತೆ ಸಣ್ಣ ಸಣ್ಣ ಸಮುದಾಯಗಳನ್ನು ಬೆಳೆಸಿದರು. 1773ರಲ್ಲಿ ರೋಮ್ ಜೆಸ್ವಿತ್ ಸಭೆಯನ್ನೇ ರದ್ದುಮಾಡಿತು. ಪಾಂಡಿಚೇರಿಯನ್ನು ಕೇಂದ್ರ ಮಾಡಿಕೊಂಡ ಪ್ಯಾರಿಸ್ ವಿದೇಶೀ ಮಿಷನ್ ಸಂಸ್ಥೆಯವರಿಗೆ, ಅಂದರೆ ಎಂ.ಇ.ಪಿ. ಪಾದ್ರಿಗಳಿಗೆ, ಈ ಭಾಗದ ಹೊಣೆ ಬಂತು. ಅವರು ಕಾಲೂರುವ ಮುಂಚೆಯೇ ಹೈದರ್-ಟಿಪ್ಪು ಕಾಲದ ಯುದ್ಧಗಳು ಜೋರಾದವು. 1784ರಲ್ಲಿ ಕರಾವಳಿಯ ಕ್ಯಾಥೊಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಬಂದದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ಒಳನಾಡಿನ ಸಣ್ಣ ಸಮುದಾಯಗಳೂ ಪಾದ್ರಿಗಳಿಲ್ಲದೆ, ಪೂಜೆ ಇಲ್ಲದೆ ವರ್ಷಾನುಗಟ್ಟಲೆ ಕಳೆದವು. ಅದನ್ನು ನೆನೆಯುವವರು ಕಡಿಮೆ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದಮೇಲೆ ಎಂ.ಇ.ಪಿ. ಪಾದ್ರಿ ಅಬ್ಬೆ ದುಬೋಯ್ ಬರುತ್ತಾರೆ. ದಕ್ಷಿಣ ಫ್ರಾನ್ಸಿನ ಸೇಂಟ್ ರೆಮೆಝ್ ಎಂಬ ಹಳ್ಳಿಯವರು. 1792ರಲ್ಲಿ ಗುರುಪಟ್ಟವಾದ ವರ್ಷವೇ ಹಡಗು ಹತ್ತಿದವರು. ತಮ್ಮ ದೇಶದಲ್ಲಿ ಕ್ರಾಂತಿಯ ಉರಿ ಎದ್ದಿದ್ದಾಗ ಪಾಂಡಿಚೇರಿಗೆ ಬಂದಿಳಿದು, ಕೆಲವು ವರ್ಷ ತಮಿಳು ಸೀಮೆಯಲ್ಲಿದ್ದು, ಮೈಸೂರಿಗೆ ಬಂದು ಚೆದುರಿದ ಕ್ರೈಸ್ತರನ್ನು ಹುಡುಕಿ ಒಟ್ಟುಗೂಡಿಸುವ ಕೆಲಸಕ್ಕೆ ಕೈಹಾಕಿದರು. ಕರೆಸಿಕೊಂಡದ್ದು ಬ್ರಿಟಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ ಎಂದೂ ಹೇಳುತ್ತಾರೆ. ತಲೆಗೆ ರುಮಾಲು, ಮೈಮೇಲೆ ನಿಲುವಂಗಿ, ಊಟಕ್ಕೆ ಈ ನೆಲದ ಪದ್ಧತಿ. ಜನ ಅವರನ್ನು ದೊಡ್ಡಸ್ವಾಮಿಯವರು ಎಂದು ಕರೆದರು. ಶ್ರೀರಂಗಪಟ್ಟಣದ ಗಂಜಾಮ್‌ನಲ್ಲಿರುವ ಚರ್ಚು ಇವತ್ತಿಗೂ ಅವರ ಹೆಸರಿನಲ್ಲೇ ನಡೆಯುತ್ತಿದೆ.

ನಿಮ್ಮ ಪ್ರಶ್ನೆಗೆ ಬೇಕಾದ ಊರು ಗಂಜಾಮ್ ಅಲ್ಲ, ಹಾಸನದ ಹತ್ತಿರದ್ದು. ಹಳೆಯ ಇಂಗ್ಲಿಷ್ ದಾಖಲೆಗಳು ಸಾತಳ್ಳಿ ಎಂದು ಬರೆಯುವ ಆ ಹಳ್ಳಿಯಲ್ಲಿ ದುಬೋಯ್ ಕ್ರೈಸ್ತ ರೈತರ ನೆಲೆಯೊಂದನ್ನು ಕಟ್ಟಿದರು. ಬಡತನಕ್ಕೆ ಭಿಕ್ಷೆ ಮದ್ದಲ್ಲ, ಉಳುವ ಭೂಮಿಯೇ ಮದ್ದು ಎನ್ನುವುದು ಅವರ ಲೆಕ್ಕಾಚಾರ. ಯುದ್ಧದಲ್ಲಿ ಮನೆಮಠ ಕಳೆದುಕೊಂಡವರಿಗೆ ಹೊಲ ಸಿಕ್ಕಿತು, ಹೊಲದ ಸುತ್ತ ಹಟ್ಟಿ ಬೆಳೆಯಿತು, ಹಟ್ಟಿಗೊಂದು ಪ್ರಾರ್ಥನೆಯ ಗುಡಿ ಬಂತು. ಆ ನೆಲೆಯಿಂದ ಸುತ್ತಲಿನ ಹಳ್ಳಿಗಳಿಗೆ ಕವಲು ಒಡೆಯಿತು. ಹಾಸನ ಸೀಮೆಯ ಹಲವು ಕ್ಯಾಥೊಲಿಕ್ ಹಳ್ಳಿಗಳ ವಂಶವೃಕ್ಷ ಹತ್ತುತ್ತಾ ಹೋದರೆ ಕೊನೆಗೆ ಈ ಊರಿನ ಬುಡಕ್ಕೆ ಬರುತ್ತೀರಿ. ನಿಮ್ಮಜ್ಜಿಯ ಊರೂ ಅದರಲ್ಲಿ ಒಂದಾಗಿದ್ದರೆ ನನಗೆ ಆಶ್ಚರ್ಯವಿಲ್ಲ.

ದುಬೋಯ್ ಬಗ್ಗೆ ಇನ್ನೆರಡು ಮಾತು ಸೇರಿಸದೆ ಮುಂದೆ ಹೋಗಲು ಮನಸ್ಸು ಬಾರದು. ಸಿಡುಬಿನ ಲಸಿಕೆ ಭಾರತಕ್ಕೆ ಬಂದದ್ದು 1802ರಲ್ಲಿ, ಮೊದಲು ಬೊಂಬಾಯಿಗೆ. ಒಂದೆರಡು ವರ್ಷದಲ್ಲೇ ಈ ಪಾದ್ರಿ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಅದನ್ನು ಹಾಕಿಸುವ ಉಸ್ತುವಾರಿ ಹೊತ್ತಿದ್ದರು. 1803-04ರಲ್ಲಿ ಅವರ ಲೆಕ್ಕದಲ್ಲಿ ಲಸಿಕೆ ಪಡೆದವರು 25,432 ಮಂದಿ. ಹಸುವಿನ ಕೀವನ್ನು ಮಗುವಿನ ತೋಳಿಗೆ ಚುಚ್ಚುತ್ತೇವೆ ಎಂದರೆ ಆ ಕಾಲದ ತಾಯಂದಿರು ಸುಮ್ಮನೆ ಒಪ್ಪಿರಲಾರರು. ಇನ್ನೊಂದು ಸಂಗತಿ ಇದಕ್ಕಿಂತ ವಿಚಿತ್ರ. ಮೂರು ದಶಕ ಇಲ್ಲಿ ದುಡಿದು 1823ರ ಜನವರಿಯಲ್ಲಿ ಊರಿಗೆ ಹೊರಟವರು, ಅದೇ ವರ್ಷ ಲಂಡನ್ನಿನಲ್ಲಿ ಪ್ರಕಟವಾದ ಪತ್ರಗಳಲ್ಲಿ, ಈಗಿನ ಪರಿಸ್ಥಿತಿಯಲ್ಲಿ ಹಿಂದೂಗಳನ್ನು ಕ್ರೈಸ್ತರನ್ನಾಗಿ ಮಾಡುವುದು ಅಸಾಧ್ಯ ಎಂದೇ ವಾದಿಸಿದರು. ಪ್ರಾಟೆಸ್ಟೆಂಟ್ ಮಿಷನರಿಗಳು ಸಿಟ್ಟಿಗೆದ್ದು ಉತ್ತರ ಬರೆದರು. ತನ್ನ ಜೀವಮಾನದ ಕೆಲಸ ನಿಷ್ಫಲ ಎಂದುಕೊಂಡು ಹೋದ ಮನುಷ್ಯ ನೆಟ್ಟ ಹಳ್ಳಿಗಳು ಇನ್ನೂರು ವರ್ಷ ದಾಟಿ ನಿಂತಿವೆ. ನನ್ನ ಮಟ್ಟಿಗೆ ಕಾರಣ ಸರಳ. ಅವರು ಉಪದೇಶದ ಯಶಸ್ಸನ್ನು ಎಣಿಸುತ್ತಿದ್ದರು, ಹೊಲ ಮತ್ತು ನೆಂಟಸ್ತಿಕೆ ಎಷ್ಟು ಗಟ್ಟಿಯಾಗಿ ಜನರನ್ನು ಕಟ್ಟುತ್ತವೆ ಎನ್ನುವುದು ಆ ಲೆಕ್ಕದಲ್ಲಿ ಬಂದಿರಲಿಲ್ಲ.

ಈಗ ಉಪಕೇಂದ್ರದ ವಿಚಾರ. ಒಬ್ಬ ಪಾದ್ರಿ, ಹತ್ತಾರು ಹಳ್ಳಿ, ನಡುವೆ ಹೊಳೆ, ಕಾಡು. ಪಾದ್ರಿ ಇರುತ್ತಿದ್ದ ಊರು ಕೇಂದ್ರ, ಮಿಕ್ಕದ್ದೆಲ್ಲ ಅದಕ್ಕೆ ಸೇರಿದ ಮಿಷನ್ ಸ್ಟೇಷನ್‌ಗಳು. ಮಳೆಗಾಲದಲ್ಲಿ ಹೊಳೆ ತುಂಬಿದರೆ ಕೆಲವು ಊರುಗಳಿಗೆ ತಿಂಗಳುಗಟ್ಟಲೆ ಪೂಜೆ ಇಲ್ಲ. ಆ ಖಾಲಿ ತಿಂಗಳುಗಳಲ್ಲಿ ಸಮುದಾಯವನ್ನು ಹಿಡಿದಿಟ್ಟವನು ಉಪದೇಶಿ. ಅದೇ ಊರಿನವನು, ಓದುಬರಹ ಬಲ್ಲವನು, ಮೂರು ಕಾಸಿನ ಸಂಬಳದವನು. ಭಾನುವಾರ ಜನರನ್ನು ಸೇರಿಸಿ ಜಪಸರ (ರೋಸರಿ) ಹೇಳಿಸುವವನು, ಮಕ್ಕಳಿಗೆ ಮಂತ್ರ ಕಲಿಸುವವನು, ಸಾಯುವ ಸ್ಥಿತಿಯಲ್ಲಿರುವ ಕೂಸಿಗೆ ನೀರು ಹಾಕಿ ಜ್ಞಾನಸ್ನಾನ ಕೊಡುವವನು, ಹೆಣದ ಮುಂದೆ ನಿಂತು ಪ್ರಾರ್ಥನೆ ಹೇಳುವವನು ಎಲ್ಲ ಇವನೇ.

ಸ್ವಾಮಿಗಳು ಬರುತ್ತಾರೆಂದು ಸುದ್ದಿ ಬಂತೆಂದರೆ ಹಳ್ಳಿಗೆ ಹಬ್ಬ. ಗುಡಿಯ ನೆಲ ಸಾರಿಸಿ, ಮಾವಿನ ತೋರಣ ಕಟ್ಟುತ್ತಿದ್ದರು. ಪಾದ್ರಿಯ ಗಾಡಿಯಲ್ಲಿ ಒಂದು ಪೆಟ್ಟಿಗೆ ಇರುತ್ತಿತ್ತು. ಅದರಲ್ಲಿ ಪೂಜೆಯ ವಸ್ತ್ರ, ಪಾತ್ರೆ, ದ್ರಾಕ್ಷಾರಸದ ಸೀಸೆ, ಪ್ರಸಾದದ ಅಪ್ಪ ಸುಡುವ ಕಬ್ಬಿಣದ ಅಚ್ಚು, ಪವಿತ್ರ ತೈಲ, ರಿಜಿಸ್ಟರು. ಸಂಜೆಯಿಂದ ರಾತ್ರಿಯವರೆಗೆ ಪಾಪನಿವೇದನೆ. ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ ಮಾಡಿ ಪಾಸ್ಕ (ಈಸ್ಟರ್) ಕಾಲದಲ್ಲಿ ಪ್ರಸಾದ ಸ್ವೀಕರಿಸಬೇಕೆಂದು 1215ರಿಂದಲೂ ಸಭೆಯ ಕಟ್ಟಳೆ ಇದೆ. ಹಾಗಾಗಿ ಒಂದು ಭೇಟಿ ತಪ್ಪಿದರೆ ಇಡೀ ಊರಿನ ಲೆಕ್ಕ ಬಾಕಿ. ಬೆಳಗಾಗುವ ಮುಂಚೆ ಪೂಜೆ, ಪೂಜೆಯಾದ ಮೇಲೆ ಕೂಸುಗಳಿಗೆ ಜ್ಞಾನಸ್ನಾನ, ಕಾದಿಟ್ಟ ಮದುವೆಗಳು, ಆಮೇಲೆ ಪಂಚಾಯ್ತಿ. ಪಂಚಾಯ್ತಿ ಎಂದದ್ದು ಸುಮ್ಮನೆ ಅಲ್ಲ. ಜಮೀನಿನ ತಕರಾರು, ಗಂಡ ಹೆಂಡಿರ ಜಗಳ, ಜಾತಿಯ ಜಗಳ ಎಲ್ಲವೂ ಪಾದ್ರಿಯ ಮುಂದೆ ಬರುತ್ತಿತ್ತು. ಹೌದು, ಜಾತಿಯ ಜಗಳವೇ. ಕ್ರೈಸ್ತರಾದ ಮೇಲೂ ಜಾತಿ ಮನೆಬಾಗಿಲಲ್ಲಿ ಕೂತೇ ಇತ್ತು, ಗುಡಿಯೊಳಗೆ ಯಾರು ಎಲ್ಲಿ ಕೂರಬೇಕು, ಯಾರ ಜೊತೆ ಹೆಣ್ಣುಗಂಡು ಎಂಬುದರಲ್ಲೆಲ್ಲ ಇತ್ತು. ಚರ್ಚುಗಳ ಜಯಂತಿಯ ಸ್ಮರಣ ಸಂಚಿಕೆಗಳು ಈ ಪುಟವನ್ನು ಸಾಮಾನ್ಯವಾಗಿ ಹಾರಿಸುತ್ತವೆ. ನೀವು ಹಾರಿಸಬೇಡಿ.

ಆಡಳಿತದ ಕಥೆ ಚುಟುಕಾಗಿ ಮುಗಿಸುತ್ತೇನೆ, ಆದರೆ ಗಮನವಿಟ್ಟು ಓದಿ. ನಿಮ್ಮ ದಾಖಲೆ ಎಲ್ಲಿದೆ ಎನ್ನುವುದು ಇದರ ಮೇಲೆ ನಿಂತಿದೆ. 1840ರ ದಶಕದ ಮಧ್ಯದವರೆಗೆ ಮೈಸೂರು ಸೀಮೆ ಪಾಂಡಿಚೇರಿಗೆ ಸೇರಿತ್ತು. ಆಮೇಲೆ ಬೇರೆಯಾಗಿ, 1850ರಲ್ಲಿ ಸ್ವತಂತ್ರ ವಿಕಾರಿಯೇಟ್ ಆಯಿತು, ಅಂದರೆ ಪೂರ್ಣ ಧರ್ಮಪ್ರಾಂತ್ಯವಾಗುವ ಮುಂಚಿನ ಹಂತದ ಮಿಷನ್ ಪ್ರಾಂತ್ಯ. ಅದರ ಮೊದಲ ಮುಖ್ಯಸ್ಥ ಬಿಷಪ್ ಶಾರ್ಬೊನೊ. ಇವರ ಕಾಲದಲ್ಲೇ ಬೆಂಗಳೂರಿನ ಮಿಷನ್ ಮುದ್ರಣಾಲಯದಿಂದ 1855ರಲ್ಲಿ ಕನ್ನಡ-ಲ್ಯಾಟಿನ್, 1861ರಲ್ಲಿ ಲ್ಯಾಟಿನ್-ಕನ್ನಡ ನಿಘಂಟುಗಳು ಹೊರಬಂದವು. ಶೆಟ್ಟಿಹಳ್ಳಿಯ ಚರ್ಚು ಎದ್ದದ್ದೂ ಇದೇ ಉಮೇದಿನ ಕಾಲದಲ್ಲಿ. 1886ರಲ್ಲಿ ವಿಕಾರಿಯೇಟ್ ಹೋಗಿ ಮೈಸೂರು ಧರ್ಮಪ್ರಾಂತ್ಯವಾಯಿತು, ಬಿಷಪ್ಪರು ಇರುತ್ತಿದ್ದದ್ದು ಮಾತ್ರ ಬೆಂಗಳೂರಿನಲ್ಲಿ. 1940ರಲ್ಲಿ ಬೆಂಗಳೂರು, ಮೈಸೂರು ಎರಡಾದವು. 1963ರಲ್ಲಿ ಚಿಕ್ಕಮಗಳೂರು ಬೇರೆಯಾಯಿತು, ಹಾಸನ ಜಿಲ್ಲೆ ಅದರ ಪಾಲಿಗೆ ಹೋಯಿತು. ಹಾಗಾಗಿ ಹಾಸನದ ಒಂದೇ ಹಳ್ಳಿಯ ಕಾಗದಪತ್ರ ಪಾಂಡಿಚೇರಿ, ಬೆಂಗಳೂರು, ಮೈಸೂರು, ಚಿಕ್ಕಮಗಳೂರು ನಾಲ್ಕೂ ಕಡೆ ಹರಡಿರಬಹುದು.

ನಡುವೆ 1876-78ರ ದೊಡ್ಡ ಬರ ಬಂತು. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ಕ್ಕೆ 42 ಲಕ್ಷದ ಹತ್ತಿರಕ್ಕೆ ಇಳಿದಿತ್ತು. ಮಿಷನ್ ಬಾಗಿಲಿಗೆ ಬಂದ ಅನಾಥ ಮಕ್ಕಳನ್ನು ಸಾಕಿ, ಬೆಳೆಸಿ, ಮದುವೆ ಮಾಡಿಸಿ ಭೂಮಿ ಕೊಟ್ಟು ನೆಲೆ ನಿಲ್ಲಿಸಿದ ಊರುಗಳು ನೆಲಮಂಗಲ ಕಡೆಯ ಸಿಲುವೆಪುರ, ಕನಕಪುರ ಕಡೆಯ ಮರಿಯಾಪುರ, ದೊಡ್ಡಬಳ್ಳಾಪುರ ಕಡೆಯ ನಾಗೇನಹಳ್ಳಿ. ದುಬೋಯ್ ಸೂತ್ರವನ್ನೇ ಮುಕ್ಕಾಲು ಶತಮಾನದ ನಂತರ ಮತ್ತೆ ಪ್ರಯೋಗಿಸಿದ್ದು.

ಶೆಟ್ಟಿಹಳ್ಳಿಗೆ ಮರಳೋಣ. ಬೆಲ್ಲ, ಮೊಟ್ಟೆ ಹಾಕಿ ಕಲಸಿದ ಗಾರೆಯಿಂದ ಕಟ್ಟಿದ್ದಕ್ಕೇ ನೀರಿನಲ್ಲಿ ನಿಂತಿದೆ ಎಂದು ಗೈಡುಗಳು ಹೇಳುತ್ತಾರೆ. ಸುಣ್ಣದ ಗಾರೆಗೆ ಬೆಲ್ಲದ ನೀರು ಬೆರೆಸುವುದು ಆ ಕಾಲದಲ್ಲಿ ಈ ಸೀಮೆಯ ಗಾರೆಯವರಿಗೆಲ್ಲ ಗೊತ್ತಿದ್ದ ಕೆಲಸ, ಫ್ರೆಂಚರ ಗುಟ್ಟೇನಲ್ಲ. ವಿನ್ಯಾಸ ಯುರೋಪಿನ ಗಾಥಿಕ್, ಕೈ ಇಲ್ಲಿಯದು. ಇಟ್ಟಿಗೆ ಸುಟ್ಟವರು, ಸುಣ್ಣ ಅರೆದವರು, ಮರ ಎಳೆದವರು ಯಾರೆಂದು ಹಳೆಯ ಕಥೆಗಳಲ್ಲಿ ಯಾರೂ ಹೆಸರು ಹಿಡಿದು ಹೇಳುವುದಿಲ್ಲ.

ಗೊರೂರಿನಲ್ಲಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು ಮುಗಿದದ್ದು 1979ರಲ್ಲಿ.  ಹಿನ್ನೀರು ಹಳ್ಳಿಗಳನ್ನೂ ಹೊಲಗಳನ್ನೂ ನುಂಗಿತು. ಎಲ್ಲರ ಹೊಲದ ಜೊತೆ ಕ್ರೈಸ್ತರ ಹೊಲ, ಎಲ್ಲರ ಗುಡಿಯ ಜೊತೆ ಇವರ ಚರ್ಚು. ಜನ ಎತ್ತರದ ಜಾಗಗಳಿಗೆ ಸರಿದು ಹೊಸ ಊರು ಕಟ್ಟಿಕೊಂಡರು. ಚರ್ಚನ್ನು 'ತೊರೆದುಹೋದರು' ಎಂದು ಬರೆಯುವುದನ್ನು ನೋಡಿದಾಗ ನನಗೆ ಸಣ್ಣ ಸಿಟ್ಟು ಬರುತ್ತದೆ. ಅಲ್ಲಿ ಯಾರೂ ಯಾವುದನ್ನೂ ತೊರೆಯಲಿಲ್ಲ, ನೀರು ಎಬ್ಬಿಸಿತು. ಅದು ಜಪಸರ ಮಾತೆಯ ಹೆಸರಿನ ದೇವಾಲಯ. ಆ ಹಬ್ಬ ಬರುವುದು ಅಕ್ಟೋಬರ್ 7ಕ್ಕೆ, ಒಳ್ಳೆಯ ಮಳೆಯಾದ ವರ್ಷ ಜಲಾಶಯ ತುಂಬಿರುವ ಹೊತ್ತಿಗೆ. ಅಂದರೆ ತನ್ನ ಹಬ್ಬದ ದಿನವೇ ಗುಡಿಯೊಳಗೆ ಕಾಲಿಡುವ ಹಾಗಿರುವುದಿಲ್ಲ. ಫೋಟೋ ತೆಗೆಯುವವರಿಗೆ ಇಷ್ಟವಾಗುವುದೂ ಅದೇ ತಿಂಗಳುಗಳು. ಮಾಡು ಹೋಗಿ ಬಹಳ ಕಾಲವಾಯಿತು, ಗೋಡೆಗಳೂ ಒಂದೊಂದಾಗಿ ಕಳಚಿ ಬೀಳುತ್ತಿವೆ. ಸಭೆಯ ಕಾನೂನಿನ ಪ್ರಕಾರ ಧರ್ಮಕೇಂದ್ರ ಎಂದರೆ ಒಂದು ಗೊತ್ತಾದ ವಿಶ್ವಾಸಿಗಳ ಸಮುದಾಯ, ಕಟ್ಟಡ ಅಲ್ಲ. ಆ ಲೆಕ್ಕದಲ್ಲಿ ಶೆಟ್ಟಿಹಳ್ಳಿಯ ಧರ್ಮಕೇಂದ್ರ ಮುಳುಗಿಯೇ ಇಲ್ಲ.

ನಿಮ್ಮ ಬರವಣಿಗೆಗೆ ಬರುತ್ತೇನೆ. ಅಜ್ಜಿಯ ಊರಿನ ಗುಡಿಯ ಮುಂದೆ ಬರೆಸಿರುವ ಇಸವಿಯನ್ನು ಮೊದಲು ಬದಿಗಿಡಿ. ಅದು ಈಗಿನ ಕಟ್ಟಡದ ವರ್ಷವೋ, ಊರು ಸ್ವತಂತ್ರ ಧರ್ಮಕೇಂದ್ರವಾದ ವರ್ಷವೋ, ಮೊದಲ ಗುಡಿಯ ವರ್ಷವೋ ಬೋರ್ಡಿನಲ್ಲಿ ಹೇಳಿರುವುದಿಲ್ಲ. ಈ ಮೂರರ ನಡುವೆ ಎಷ್ಟೋ ಕಡೆ ನೂರು ವರ್ಷದ ಅಂತರವಿದೆ. ಸ್ವತಂತ್ರವಾಗುವ ಮುಂಚೆ ಆ ಊರಿನವರ ಜ್ಞಾನಸ್ನಾನ, ಮದುವೆ, ಮರಣ ಎಲ್ಲ ದಾಖಲಾಗಿರುವುದು ತಾಯಿ ಚರ್ಚಿನ ರಿಜಿಸ್ಟರಿನಲ್ಲಿ. ಆದ್ದರಿಂದ ಮೊದಲ ಪ್ರಶ್ನೆ, ಇದು ಯಾವ ಊರಿನ ಉಪಕೇಂದ್ರವಾಗಿತ್ತು? ಎರಡನೆಯದು, ಅದಕ್ಕೂ ಹಿಂದೆ ಆ ಊರು ಯಾರಿಗೆ ಸೇರಿತ್ತು? ಹೀಗೆ ಮೆಟ್ಟಿಲು ಇಳಿಯಬೇಕು.

ಹಳೆಯ ರಿಜಿಸ್ಟರ್ ಲ್ಯಾಟಿನ್ನಿನಲ್ಲಿರುತ್ತದೆ. ಹೆದರಬೇಡಿ, ಒಂದೇ ಅಚ್ಚಿನ ವಾಕ್ಯ ಪುಟದಿಂದ ಪುಟಕ್ಕೆ ಬರುತ್ತದೆ. ಇಂಥ ದಿನ, ಇಂಥ ಊರಿನಲ್ಲಿ, ಇಂಥವರಿಗೆ ಹುಟ್ಟಿದ ಮಗುವಿಗೆ ನಾನು ಜ್ಞಾನಸ್ನಾನ ಕೊಟ್ಟೆ, ಸಾಕ್ಷಿಯಾಗಿ ನಿಂತ ಜ್ಞಾನತಂದೆ ಇಂಥವನು, ಜ್ಞಾನತಾಯಿ ಇಂಥವಳು, ಕೆಳಗೆ ಪಾದ್ರಿಯ ಸಹಿ. ಹತ್ತು ನಮೂದು ಓದಿದರೆ ಹನ್ನೊಂದನೆಯದು ತಾನಾಗಿ ಬರುತ್ತದೆ. ಕಷ್ಟವಿರುವುದು ಹೆಸರುಗಳಲ್ಲಿ. ಲ್ಯಾಟಿನ್ನಿನ ಕ್ಸಾವೇರಿಯುಸ್ ಮನೆಯಲ್ಲಿ ಚೌರಪ್ಪ, ಇಗ್ನಾಸಿಯುಸ್ ಇನ್ನಾಸಪ್ಪ, ಪೆತ್ರುಸ್ ರಾಯಪ್ಪ. ಊರಿನ ಹೆಸರನ್ನು ಫ್ರೆಂಚ್ ಕಿವಿಯಲ್ಲಿ ಕೇಳಿ ಬರೆದಿರುತ್ತಾರೆ, ಬಾಯಿಬಿಟ್ಟು ಓದಿಕೊಂಡರೆ ಅರ್ಧ ಬಿಡಿಸಿಕೊಳ್ಳುತ್ತದೆ. ಜ್ಞಾನತಂದೆ, ಜ್ಞಾನತಾಯಿಯರ ಹೆಸರುಗಳನ್ನು ಬಿಡಬೇಡಿ. ಪದೇಪದೇ ಒಂದೇ ಹೆಸರು ಜ್ಞಾನತಂದೆಯಾಗಿ ಬರುತ್ತಿದ್ದರೆ ಆತ ಬಹುಶಃ ಆ ಊರಿನ ಉಪದೇಶಿ ಇಲ್ಲವೇ ಗೌಡ. ಬೇರೆ ಬೇರೆ ಊರಿನ ಹೆಸರು ಬರುತ್ತಿದ್ದರೆ ಹೆಣ್ಣು ತಂದ, ಹೆಣ್ಣು ಕೊಟ್ಟ ನಕ್ಷೆ ನಿಮ್ಮ ಕಣ್ಣೆದುರು ಬಿಚ್ಚಿಕೊಳ್ಳುತ್ತದೆ. ಮರಣದ ಪುಸ್ತಕದಲ್ಲಿ ಒಂದೇ ತಿಂಗಳಲ್ಲಿ ಸಾಲುಸಾಲು ಮಕ್ಕಳ ಹೆಸರು ಕಂಡರೆ ಇಸವಿ ನೋಡಿ. ಬರವೋ, ಕಾಲರಾವೋ, 1918ರ ಇನ್‌ಫ್ಲುಯೆಂಜಾವೋ ಇರುತ್ತದೆ.

ಪಾದ್ರಿಗಳ ಕಡೆಯ ಮಾಹಿತಿಗೆ ಪ್ಯಾರಿಸ್ಸಿನ ರ್‍ಯೂ ದ್ಯು ಬಾಕ್ ಬೀದಿಯಲ್ಲಿರುವ ಎಂ.ಇ.ಪಿ. ಮನೆ ಒಳ್ಳೆಯ ಜಾಗ. ಅದರ ದಾಖಲೆಗಳನ್ನು ನೋಡಿಕೊಳ್ಳುವ ಫ್ರಾನ್ಸ್-ಏಷ್ಯಾ ಸಂಶೋಧನಾ ಸಂಸ್ಥೆ 2019ರಲ್ಲಿ ಶುರುವಾಯಿತು. ಒಬ್ಬೊಬ್ಬ ಪಾದ್ರಿಯ ಜೀವನ ವಿವರ, ವಾರ್ಷಿಕ ವರದಿ ಅದರ ಜಾಲತಾಣದಲ್ಲೇ ಹುಡುಕಬಹುದು, ಪ್ಯಾರಿಸ್ಸಿಗೆ ಟಿಕೆಟ್ ಬೇಡ. ಫ್ರೆಂಚ್ ಬಾರದಿದ್ದರೂ ಈಗ ಯಂತ್ರಾನುವಾದದಿಂದ ಸುಮಾರಾಗಿ ಅರ್ಥಮಾಡಿಕೊಳ್ಳಬಹುದು. ಒಂದು ಎಚ್ಚರ. ಆ ವರದಿಗಳು ಫ್ರಾನ್ಸಿನ ದಾನಿಗಳು ಓದಲೆಂದು ಬರೆದವು. ಕಷ್ಟವೂ ಯಶಸ್ಸೂ ಎರಡೂ ಸ್ವಲ್ಪ ಉಪ್ಪುಖಾರ ಹಚ್ಚಿಕೊಂಡಿರುತ್ತವೆ. ಸರ್ಕಾರದ ಕಡೆಯಿಂದ ಹಳೆಯ ಮೈಸೂರು ಗೆಝೆಟಿಯರ್, ತಾಲ್ಲೂಕು ಕಚೇರಿಯ ಪಹಣಿ ಮತ್ತು ಇನಾಂ ಕಾಗದಗಳು, ಮುಳುಗಡೆಯ ಊರಾದರೆ ಭೂಸ್ವಾಧೀನದ ಕಡತ. ಈ ಕೊನೆಯದು ಚಿನ್ನದ ಗಣಿ. ಯಾರ ಮನೆ, ಎಷ್ಟು ಗುಂಟೆ, ಎಷ್ಟು ತೆಂಗಿನ ಮರ, ಗುಡಿಗೆ ಎಷ್ಟು ಪರಿಹಾರ ಎಂದು ಅಧಿಕಾರಿಗಳು ಬರೆದುಕೊಂಡಿರುತ್ತಾರೆ. ಚರ್ಚಿನ ಚರಿತ್ರೆ ಬರೆಯುವವರು ಈ ಕಡತದ ಕಡೆ ತಲೆ ಹಾಕುವುದೇ ಇಲ್ಲ.

ಉಳಿದದ್ದು ಊರಿನಲ್ಲೇ ಇದೆ. ಉಪದೇಶಿಯ ಮನೆತನ ಯಾವುದೆಂದು ಕೇಳಿ, ಅವರ ಅಟ್ಟದ ಮೇಲಿನ ಪ್ರಾರ್ಥನೆ ಪುಸ್ತಕಗಳ ಒಳಪುಟ ನೋಡಿ. ಹುಟ್ಟಿದ, ಸತ್ತ ದಿನಗಳನ್ನು ಜನ ಅಲ್ಲಿ ಗೀಚಿಟ್ಟಿರುತ್ತಾರೆ. 1960ರ ದಶಕದ ವ್ಯಾಟಿಕನ್ ಮಹಾಸಭೆಯ ನಂತರ ಪೂಜೆ ಕನ್ನಡಕ್ಕೆ ಬಂತಲ್ಲ, ಆ ಬದಲಾವಣೆ ಕಂಡ ಅಜ್ಜಂದಿರು ಇನ್ನೂ ಸಿಗುತ್ತಾರೆ. ಲ್ಯಾಟಿನ್ ಕಾಲದಲ್ಲಿ ಹೆಂಗಸರು ಪೂಜೆ ನಡೆಯುತ್ತಿರುವಾಗ ಕನ್ನಡದಲ್ಲಿ ಏನು ಹಾಡುತ್ತಿದ್ದರು ಎಂದು ಕೇಳಿ ರೆಕಾರ್ಡ್ ಮಾಡಿಕೊಳ್ಳಿ. ನಿಮ್ಮಜ್ಜಿ ಇದ್ದರೆ ಅವರಿಂದಲೇ ಶುರು. ಗಂಟೆಯ ಮೈಮೇಲೆ ಅಕ್ಷರಗಳಿದ್ದರೆ ತೆಳ್ಳನೆಯ ಕಾಗದ ಒತ್ತಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯಿರಿ. ಎರಕ ಹೊಯ್ದ ಊರು, ವರ್ಷ, ದಾನಿಯ ಹೆಸರು ಸಿಗಬಹುದು. ಆದರೆ ಗಂಟೆ ಬೇರೆ ಚರ್ಚಿನಿಂದ ಬಂದದ್ದೂ ಇರಬಹುದು, ಮುಳುಗಡೆಯ ಸೀಮೆಯಲ್ಲಂತೂ ವಿಗ್ರಹ, ಬೆಂಚು, ಗಂಟೆ ಊರೂರು ಬದಲಿಸಿವೆ.

ರಿಜಿಸ್ಟರ್ ನೋಡಲು ವಿಚಾರಣಾ ಗುರುಗಳ, ಅಂದರೆ ಆ ಧರ್ಮಕೇಂದ್ರದ ಹೊಣೆ ಹೊತ್ತ ಪಾದ್ರಿಯ, ಒಪ್ಪಿಗೆ ಬೇಕು. ಕೈಬರಹದ ಪುಟಗಳನ್ನು ಫ್ಲ್ಯಾಶ್ ಹಾಕದೆ ಫೋಟೋ ತೆಗೆದುಕೊಳ್ಳಿ, ಝೆರಾಕ್ಸ್ ಮಾಡಿಸಿ ಬೆನ್ನು ಮುರಿಯಬೇಡಿ. ಕಳೆದ ನೂರು ವರ್ಷದೊಳಗಿನ ನಮೂದುಗಳಲ್ಲಿ ದತ್ತು, ಮದುವೆಯಿಂದ ಹೊರಗೆ ಹುಟ್ಟಿದ ಮಕ್ಕಳು, ಮದುವೆಗೆ ಕೊಟ್ಟ ವಿನಾಯಿತಿ ಇಂಥವೆಲ್ಲ ಬರುತ್ತವೆ. ಆ ಮನೆಗಳು ಇನ್ನೂ ಅದೇ ಬೀದಿಯಲ್ಲಿವೆ. ಓದಿ ತಿಳಿದುಕೊಳ್ಳಿ, ಅಚ್ಚಿಗೆ ಕೊಡಬೇಡಿ.